ಒಂದೇ ದಿನ ಎರಡು ಮತ: ನಗರವಾಸಿ ಗೃಹಸ್ಥರಿಗೆ ಕೆಲವು ಸೂಚನೆಗಳು

ನಮ್ಮಲ್ಲಿ ಯಾವ ವ್ರತವನ್ನಾಗಲಿ ಪೂಜೆಯನ್ನಾಗಲಿ ಆರಂಭಿಸುವುದಕ್ಕೆ ಮುಂಚೆ ಸಂಕಲ್ಪ ಮಾಡುವ ಪದ್ಧತಿಯುಂಟು. ಆ ಸಂಕಲ್ಪದಲ್ಲಿ ಕರ್ತೃವು ತಾನಿರುವ ಸ್ಥಳವನ್ನು ಹೇಳತಕ್ಕ ಕ್ರಮವನ್ನು ವಾಚಕ ಮಹಾಶಯರು ಗಮನಿಸಿರಬಹುದು. ಜಂಬೂದ್ವೀಪದಿಂದ ಮೊದಲುಮಾಡಿ, ಭರತಖಂಡಕ್ಕೆ ಬಂದು, ನದಿಯ ದಡವನ್ನು ಹೇಳಿ, ಕಡೆಗೆ ತಾನು ಮಣೆ ಹಾಕಿಕೊಂಡು ಕುಳಿತಿರುವ ಸ್ಥಳದವರೆಗೂ ಅವನು ಇಳಿದು ಬರುತ್ತಾನೆ. ಭೂಮಂಡಲವನ್ನು ನೆನೆದವನು ತನ್ನ ಊರನ್ನು ಮರೆಯಕೂಡದೆಂಬ ವಿವೇಕವು ಆ ಪದ್ಧತಿಯಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ. ಮತದಾನಕ್ಕೂ ಇದೇ ವಿವೇಕವು ಬೇಕು. ದೇಶದ ಲೋಕಸಭೆಗೂ ನಾಡಿನ ವಿಧಾನಸಭೆಗೂ ಒಂದೇ ದಿನ ಚುನಾವಣೆ ನಡೆದಾಗ, ನಗರದಲ್ಲಿ ವಾಸಿಸುವ ನಮ್ಮಂಥವರು ದೊಡ್ಡದರ ಗದ್ದಲದಲ್ಲಿ ಹತ್ತಿರದ್ದನ್ನು ಮರೆತುಬಿಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದುದರಿಂದ ಈ ವಿಷಯವಾಗಿ, ಗೃಹಸ್ಥರಿಗೂ ಗೃಹಿಣಿಯರಿಗೂ ಉಪಯೋಗವಾಗುವಂಥ ನಾಲ್ಕು ಮಾತುಗಳನ್ನು ಬರೆಯಲು ಉದ್ಯುಕ್ತರಾಗಿದ್ದೇವೆ.

೨೦೦೪ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಕರ್ನಾಟಕದಲ್ಲಿ ಎರಡು ಚುನಾವಣೆಗಳೂ ಜೊತೆಯಾಗಿ ನಡೆದುವು. ಆಗ ನಾವು ಪ್ರೌಢಶಾಲೆಯ ಉಪಾಧ್ಯಾಯರಾಗಿದ್ದ ಕಾರಣ, ಬೆಂಗಳೂರಿನ ಹಳೆಯ ಬಡಾವಣೆಯೊಂದರ ಶಾಲೆಯಲ್ಲಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಕೆಲಸವು ನಮ್ಮ ಪಾಲಿಗೆ ಬಂದಿತ್ತು. ಒಂದೇ ಕೊಠಡಿಯಲ್ಲಿ ಎರಡು ಮತಯಂತ್ರಗಳು, ಎರಡು ರಟ್ಟಿನ ಮರೆಗಳು. ಹತ್ತು ಗಂಟೆಯ ಸುಮಾರಿಗೆ, ಎಂಬತ್ತು ವಯಸ್ಸಾಗಿದ್ದಿರಬಹುದಾದ ವೃದ್ಧರೊಬ್ಬರು ಕೋಲೂರಿಕೊಂಡು ಬಂದು, ಬೆರಳಿಗೆ ಶಾಯಿ ಹಾಕಿಸಿಕೊಂಡು, ಮೊದಲನೆಯ ಮರೆಯೊಳಗೆ ಹೋಗಿ ಗುಂಡಿಯನ್ನು ಒತ್ತಿದರು. ಯಂತ್ರವು ಕೂಗಿತು. ಅವರು ಕೃತಕೃತ್ಯರಾದವರಂತೆ ನೆಟ್ಟಗೆ ಬಾಗಿಲ ಕಡೆಗೆ ನಡೆದೇಬಿಟ್ಟರು. ವಿಧಾನಸಭೆಯ ಮತಕ್ಕಾಗಿ ಕೊಟ್ಟಿದ್ದ ಚೀಟಿಯು ಅವರ ಮುಷ್ಟಿಯಲ್ಲಿಯೇ ಇತ್ತು. ನಮ್ಮ ಜವಾನನು ಜಗಲಿಯವರೆಗೂ ಓಡಿಹೋಗಿ ಅವರನ್ನು ಕರೆತಂದನು.

“ಒತ್ತಿದೆನಲ್ಲಾ ಸ್ವಾಮಿ, ಕೂಗಿತಲ್ಲಾ!” ಎಂದರು ಅವರು, ತಾವೇನೋ ತಪ್ಪು ಮಾಡಿದೆವೆಂಬ ಭೀತಿಯಿಂದ.

“ಯಜಮಾನರೇ, ಅದು ದಿಲ್ಲಿಯದು. ವಿಧಾನಸೌಧದ್ದು ಇನ್ನೂ ಬಾಕಿಯಿದೆ” ಎಂದೆವು.

“ಹಾಗೋ! ನನಗೆ ಬೇಕಾದ್ದು ಅದೇ. ನಮ್ಮ ಕೇರಿಗೆ ನೀರು ಬಿಡಿಸಬೇಕಾದವರು ಅವರೇ ಅಲ್ಲವೆ?” ಎಂದು ಹೇಳಿ, ಎರಡನೆಯ ಮರೆಯೊಳಗೆ ಹೋದರು.

ಅದೇ ದಿನ ಮಧ್ಯಾಹ್ನ, ಪದವೀಧರರಂತೆ ಕಾಣುತ್ತಿದ್ದ ಮಹನೀಯರೊಬ್ಬರು ಎರಡು ಯಂತ್ರಗಳನ್ನೂ ಕ್ಷಣಾರ್ಧದಲ್ಲಿ ಒತ್ತಿ ಹೊರಕ್ಕೆ ಬಂದು, “ಎರಡರಲ್ಲೂ ಹೆಸರುಗಳು ಬೇರೆ ಬೇರೆಯಾಗಿದ್ದುವೇ?” ಎಂದು ನಮ್ಮ ಸಹಾಯಕರೊಬ್ಬರನ್ನು ವಿಚಾರಿಸಿದರು! ಆ ವೃದ್ಧರಿಗೆ ಯಂತ್ರದ ವಿಧಾನವು ತಿಳಿಯದಿದ್ದರೂ ಮತದ ಅರ್ಥವು ತಿಳಿದಿತ್ತು. ಈ ಮಹನೀಯರಿಗೆ ವಿಧಾನವು ತಿಳಿದಿತ್ತು, ಅರ್ಥವು ತಿಳಿದಿರಲಿಲ್ಲ. ಸಂಸ್ಕೃತ ವ್ಯಾಕರಣದಲ್ಲಿ ಏಕವಚನಕ್ಕೂ ಬಹುವಚನಕ್ಕೂ ನಡುವೆ ದ್ವಿವಚನವೆಂಬುದೊಂದುಂಟು. ಕನ್ನಡದಲ್ಲಿ ಅದಿಲ್ಲದಿರುವುದರಿಂದಲೋ ಏನೋ, ನಮ್ಮ ಜನರು ಎರಡು ಚುನಾವಣೆಗಳನ್ನು ಏಕವಚನದಲ್ಲಿಯೇ ಮುಗಿಸಿಬಿಡುತ್ತಾರೆ.

ಎರಡನ್ನೂ ಒಟ್ಟಿಗೆ ನಡೆಸುವುದು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ೧೯೫೧-೫೨, ೧೯೫೭, ೧೯೬೨ ಮತ್ತು ೧೯೬೭, ಈ ನಾಲ್ಕು ಸಾರ್ವತ್ರಿಕ ಚುನಾವಣೆಗಳಲ್ಲಿ ಬಹುಮಟ್ಟಿಗೆ ಹೀಗೆಯೇ ನಡೆಯಿತು. ಅನಂತರ ಕೆಲವು ವಿಧಾನಸಭೆಗಳೂ, ೧೯೭೦ರ ಡಿಸೆಂಬರಿನಲ್ಲಿ ಲೋಕಸಭೆಯೂ ಅವಧಿಗೆ ಮುಂಚೆಯೇ ವಿಸರ್ಜಿತವಾದುದರಿಂದ ಆ ಜೋಡಿಯು ಮುರಿಯಿತು. ನಮ್ಮ ನಾಡಿನಲ್ಲಿ ೧೯೮೯, ೧೯೯೯ ಮತ್ತು ೨೦೦೪ರಲ್ಲಿ ಮತ್ತೆ ಎರಡೂ ಕೂಡಿಬಂದುವು. ೨೦೨೪ರಲ್ಲಿ ಆಂಧ್ರಪ್ರದೇಶ, ಒಡಿಶಾ, ಅರುಣಾಚಲಪ್ರದೇಶ, ಸಿಕ್ಕಿಂಗಳ ಜನರು ಲೋಕಸಭೆಗೂ ತಮ್ಮ ವಿಧಾನಸಭೆಗೂ ಜೊತೆಯಾಗಿಯೇ ಮತ ಕೊಟ್ಟರು. ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ ಮಾಜಿ ರಾಷ್ಟ್ರಪತಿ ರಾಮನಾಥ ಕೋವಿಂದರ ಅಧ್ಯಕ್ಷತೆಯ ಸಮಿತಿಯು, ದೇಶದಾದ್ಯಂತ ಲೋಕಸಭೆಗೂ ವಿಧಾನಸಭೆಗಳಿಗೂ ಏಕಕಾಲದಲ್ಲಿ ಚುನಾವಣೆ ನಡೆಸಿ, ಆಮೇಲೆ ೧೦೦ ದಿನಗಳೊಳಗಾಗಿ ನಗರಸಭೆ ಪಂಚಾಯಿತಿಗಳಿಗೂ ನಡೆಸಬಹುದೆಂದು ವರದಿ ಮಾಡಿತು. ಡಿಸೆಂಬರ್ ೧೭ರಂದು ಆ ಉದ್ದೇಶದ ಮಸೂದೆಯು ಲೋಕಸಭೆಯಲ್ಲಿ ಮಂಡಿತವಾಯಿತು. ಅದರ ಗುಣದೋಷಗಳ ವಿಚಾರವನ್ನು ಪಂಡಿತರಿಗೆ ಬಿಡೋಣ. ಎರಡು ಮತಗಳು ಒಂದೇ ದಿನ ಕೈಗೆ ಬಂದಾಗ ಗೃಹಸ್ಥನು ಮಾಡತಕ್ಕದ್ದೇನು ಎಂಬಷ್ಟೇ ಇಲ್ಲಿ ನಮ್ಮ ಪ್ರಸ್ತಾಪ.

ಮೊದಲನೆಯದಾಗಿ, ಯಾವ ಮತಕ್ಕೆ ಯಾವ ಕೆಲಸವೆಂಬುದನ್ನು ತಿಳಿಯಬೇಕು. ಇದಕ್ಕೆ ದೊಡ್ಡ ಗ್ರಂಥಗಳೇನೂ ಬೇಡ, ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಡೆಯುವುದನ್ನು ನೋಡಿದರೆ ಸಾಕು. ಬೆಳಗ್ಗೆ ಎದ್ದು ನಲ್ಲಿ ತಿರುಗಿಸುತ್ತೀರಿ. ಬೆಂಗಳೂರಿನಲ್ಲಿ ಕಾವೇರಿಯ ನೀರನ್ನು ತಂದು ಕೊಡುವುದು ೧೯೬೪ರ ಕಾನೂನಿನಂತೆ ಏರ್ಪಟ್ಟ ಜಲಮಂಡಳಿ. ಅದು ರಾಜ್ಯ ಸರ್ಕಾರಕ್ಕೆ ಅಧೀನವಾದುದು. ದೀಪ ಹಾಕುತ್ತೀರಿ, ವಿದ್ಯುತ್ತನ್ನು ಹಂಚುವ ಕಂಪನಿಯೂ ರಾಜ್ಯದ್ದೇ. ಬಾಗಿಲಿನಲ್ಲಿ ಕಸದ ಗಾಡಿಯು ಬರುತ್ತದೆ, ಇಲ್ಲವೆ ಬರುವುದಿಲ್ಲ. ಅದು ನಗರಾಡಳಿತದ ಹೊಣೆ. ಬೀದಿಯ ದೀಪ, ಚರಂಡಿ, ಮನೆಯ ಕಂದಾಯ, ಜನನ ಮರಣಗಳ ದಾಖಲೆ ಇವೂ ಅದಕ್ಕೆ ಸೇರಿದುವೇ. ಮಗನು ಕಚೇರಿಗೆ ಹೋಗುವ ನಗರ ಸಾರಿಗೆಯ ಬಸ್ಸು ರಾಜ್ಯದ್ದು. ಮೆಟ್ರೋ ರೈಲು ರಾಜ್ಯ ಮತ್ತು ಕೇಂದ್ರಗಳೆರಡೂ ಕೂಡಿ ನಡೆಸುವ ಸಂಸ್ಥೆಯದು. ಬೀದಿಯ ಕಾವಲಿನ ಪೊಲೀಸಿನವರು, ಸರ್ಕಾರಿ ಶಾಲೆ, ಜಿಲ್ಲಾ ಆಸ್ಪತ್ರೆ ಇವು ರಾಜ್ಯಕ್ಕೆ ಸೇರಿದುವು. ಅಂಚೆ, ರೈಲು, ಆದಾಯ ತೆರಿಗೆ, ನಾಣ್ಯ, ಗಡಿಯ ರಕ್ಷಣೆ, ಪರದೇಶಗಳೊಡನೆ ವ್ಯವಹಾರ ಇವು ಕೇಂದ್ರದ ಕೆಲಸಗಳು.

ಹೀಗಿರಲಾಗಿ, ಲೋಕಸಭೆಯ ಅಭ್ಯರ್ಥಿಯನ್ನು ಮೋರಿಯ ವಿಷಯವಾಗಿ ಕೇಳುವುದೂ, ವಿಧಾನಸಭೆಯ ಅಭ್ಯರ್ಥಿಗೆ ಗಡಿಯ ಯುದ್ಧವನ್ನು ನೋಡಿ ಮತ ಹಾಕುವುದೂ ಎರಡೂ ವ್ಯರ್ಥ. ಇಲ್ಲಿ ಕನ್ನಡನಾಡಿನ ಮತದಾರರು ಒಮ್ಮೆ ತೋರಿಸಿದ ವಿವೇಚನೆಯನ್ನು ಜ್ಞಾಪಿಸಿಕೊಳ್ಳುವುದು ಉಚಿತ. ೧೯೮೪ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಈ ನಾಡಿನ ೨೮ ಸ್ಥಾನಗಳ ಪೈಕಿ ೨೪ನ್ನು ಅವರು ಕಾಂಗ್ರೆಸ್ಸಿಗೆ ಕೊಟ್ಟರು. ಮೂರು ತಿಂಗಳೊಳಗಾಗಿ, ೧೯೮೫ರ ಮಾರ್ಚಿನಲ್ಲಿ, ಅದೇ ಜನರು ವಿಧಾನಸಭೆಯ ೨೨೪ ಸ್ಥಾನಗಳಲ್ಲಿ ೧೩೯ನ್ನು ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ಕೊಟ್ಟರು. ಯಾವುದು ಸರಿ, ಯಾವುದು ತಪ್ಪೆಂಬುದು ಇಲ್ಲಿ ಪ್ರಶ್ನೆಯಲ್ಲ. ಪ್ರಶ್ನೆ ಬೇರೆಯಾದಾಗ ಉತ್ತರವನ್ನೂ ಬೇರೆಯಾಗಿಯೇ ಯೋಚಿಸಿದರೆಂಬುದು ಮುಖ್ಯ. ಆಗ ನಡುವೆ ಮೂರು ತಿಂಗಳ ಅವಕಾಶವಿತ್ತು; ಒಂದೇ ದಿನದಲ್ಲಾದರೆ ಎರಡು ಮರೆಗಳ ನಡುವಿನ ನಾಲ್ಕು ಹೆಜ್ಜೆಗಳಷ್ಟೇ ಅವಕಾಶ. ಆದುದರಿಂದ ಯೋಚನೆಯು ಮನೆಯಲ್ಲಿಯೇ ಮುಗಿದಿರಬೇಕು. ಯೋಚಿಸಿದ ಮೇಲೆ ಎರಡೂ ಮತಗಳು ಒಂದೇ ಪಕ್ಷಕ್ಕೆ ಹೋದರೆ ಅದರಲ್ಲಿ ದೋಷವೇನೂ ಇಲ್ಲ. ಯೋಚಿಸದೆ ಹೋದರೆ ದೋಷ.

ಇನ್ನು ಮೂರನೆಯ ಮತವಾದ ನಗರಪಾಲಿಕೆಯ ಮತವನ್ನು ಕುರಿತು ಒಂದು ಮಾತು. ೧೯೯೩ರ ಜೂನ್ ೧ರಿಂದ ಜಾರಿಗೆ ಬಂದ ರಾಜ್ಯಾಂಗದ ೭೪ನೆಯ ತಿದ್ದುಪಡಿಯಂತೆ ನಗರಸಂಸ್ಥೆಗಳ ಅವಧಿಯು ಐದು ವರ್ಷಗಳು. ಅವುಗಳ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಆದರೂ ಬೆಂಗಳೂರಿನಲ್ಲಿ ೨೦೧೫ರ ಆಗಸ್ಟಿನಲ್ಲಿ ಚುನಾಯಿತವಾದ ಪಾಲಿಕೆಯ ಅವಧಿಯು ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿದಮೇಲೆ ವರ್ಷಗಟ್ಟಲೆ ಕಾಲ ನಗರವು ಆಡಳಿತಾಧಿಕಾರಿಗಳ ಕೈಯಲ್ಲಿಯೇ ನಡೆಯಿತು. ವಾರ್ಡುಗಳ ವಿಂಗಡಣೆ, ಮೀಸಲಾತಿಯ ನಿರ್ಣಯ ಮುಂತಾದುವು ರಾಜ್ಯ ಸರ್ಕಾರದ ಕೈಯಲ್ಲಿರುವುದರಿಂದ, ವಿಧಾನಸಭೆಗೆ ನಿಂತವರು ಮನೆಯ ಬಾಗಿಲಿಗೆ ಬಂದಾಗ, “ನಮ್ಮ ಊರಿನ ಚುನಾವಣೆಯನ್ನು ಕಾಲಕ್ಕೆ ಸರಿಯಾಗಿ ನಡೆಸುವಿರಾ?” ಎಂದು ಕೇಳುವುದು ನಗರವಾಸಿಯ ಹಕ್ಕು. ಮೇಲಾಗಿ, ೨೦೨೫ರಲ್ಲಿ ಬೆಂಗಳೂರಿನ ಒಂದು ಪಾಲಿಕೆಯ ಬದಲಾಗಿ ಐದು ಪಾಲಿಕೆಗಳು ರಚಿತವಾದುವು. ತಾವು ಈಗ ಯಾವ ಪಾಲಿಕೆಗೆ, ಯಾವ ವಾರ್ಡಿಗೆ ಸೇರಿದವರೆಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ವಿಚಾರಿಸಿ ತಿಳಿದಿರಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರೋಣ. ಅದು ಮತದಾರರ ಪಟ್ಟಿ. ಇದನ್ನು ಹೇಳುವುದಕ್ಕೆ ನಮಗೆ ನಾಚಿಕೆಯಾದರೂ, ವಾಚಕರಿಗೆ ಪ್ರಯೋಜನವಾದೀತೆಂದು ನಮ್ಮ ಮನೆಯ ಕಥೆಯನ್ನೇ ಹೇಳುತ್ತೇವೆ.

ಸೇವೆಯಲ್ಲಿದ್ದಷ್ಟು ಕಾಲವೂ ಚುನಾವಣೆ ಬಂದಾಗಲೆಲ್ಲ ನಾವು ಮತಗಟ್ಟೆಯ ಕೆಲಸದಲ್ಲಿರುತ್ತಿದ್ದೆವು. ನಮ್ಮ ಮತದ ಏರ್ಪಾಡು ಕಚೇರಿಯ ಮೂಲಕವೇ ಆಗುತ್ತಿತ್ತು. ನಿವೃತ್ತಿಗೆ ಸ್ವಲ್ಪ ಮುಂಚೆ ಬಾಡಿಗೆ ಮನೆಯನ್ನು ಬಿಟ್ಟು ಊರಿನ ಇನ್ನೊಂದು ಮಗ್ಗುಲಿಗೆ ಬಂದೆವು. ಕೆಲವು ತಿಂಗಳಾದಮೇಲೆ, ಮತಗಟ್ಟೆ ಮಟ್ಟದ ಅಧಿಕಾರಿಯಾದ ಹೆಣ್ಣುಮಗಳೊಬ್ಬಳು ಮನೆಯ ಬಾಗಿಲಿಗೆ ಬಂದಳು. ನಮ್ಮ ಮನೆಯವರು ವಿಳಾಸ ಬದಲಾವಣೆಯ ನಮೂನೆಯನ್ನು ಅವಳ ಎದುರಿನಲ್ಲಿಯೇ ತುಂಬಿ ಕೊಟ್ಟು, “ನಿಮ್ಮದನ್ನೂ ಈಗಲೇ ಬರೆದುಕೊಟ್ಟುಬಿಡಿ ಅಂದ್ರೆ” ಎಂದರು. ನಾವು ಪತ್ರಿಕೆಯಿಂದ ತಲೆಯೆತ್ತದೆ, “ನಮ್ಮದು ಇಲಾಖೆಯವರಿಗೆ ಗೊತ್ತಿದೆ, ನಿನಗೆ ಅದರ ಚಿಂತೆ ಬೇಡ” ಎಂದುಬಿಟ್ಟೆವು.

೨೦೨೪ರ ಏಪ್ರಿಲ್ ೨೬ರಂದು, ನಿವೃತ್ತರಾದಮೇಲೆ ಬಂದ ಮೊದಲನೆಯ ಚುನಾವಣೆಯಲ್ಲಿ, ದಂಪತಿಗಳಿಬ್ಬರೂ ಬೆಳಗ್ಗೆ ಏಳು ಗಂಟೆಗೇ ಹೋಗಿ ಸಾಲಿನಲ್ಲಿ ನಿಂತೆವು. ಮನೆಯವರ ಹೆಸರು ಪಟ್ಟಿಯಲ್ಲಿತ್ತು. ನಮ್ಮದು ಇರಲಿಲ್ಲ. ಹಳೆಯ ವಿಳಾಸದಲ್ಲಿ ವಿಚಾರಣೆ ಮಾಡಿದಾಗ ನಾವು ಅಲ್ಲಿಲ್ಲವೆಂದು ತಿಳಿದು ಹೆಸರನ್ನು ತೆಗೆದಿದ್ದರು. ಹೊಸ ವಿಳಾಸದಲ್ಲಿ ಸೇರಿಸಬೇಕೆಂದು ನಾವು ಕೇಳಿಯೇ ಇರಲಿಲ್ಲ. ಅಲ್ಲಿದ್ದ ಅಧಿಕಾರಿಯು ನಮ್ಮಂತೆಯೇ ಉಪಾಧ್ಯಾಯರು. “ಕಾರ್ಡು ಸರಿಯಾಗಿದೆ ಸಾರ್, ಆದರೆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ನಾವೇನೂ ಮಾಡುವ ಹಾಗಿಲ್ಲ” ಎಂದರು. ಇದೇ ಮಾತನ್ನು ಎಷ್ಟು ಚುನಾವಣೆಗಳಲ್ಲಿ, ಎಷ್ಟು ಮಂದಿಗೆ ನಾವು ಹೇಳಿದ್ದೆವೋ! ಸಾಲಿನಿಂದ ಹೊರಕ್ಕೆ ಬಂದು ಬೇವಿನ ಮರದ ಕೆಳಗೆ ನಿಂತುಕೊಂಡು, ಮನೆಯವರು ಒಳಗೆ ಹೋಗಿ ಬೆರಳಿನಲ್ಲಿ ಕಪ್ಪು ಗುರುತಿನೊಡನೆ ಬರುವುದನ್ನು ನೋಡಿದೆವು. ಅವರು ಏನೂ ಹೇಳಲಿಲ್ಲ. ಹೇಳಿದ್ದರೆ ಎಷ್ಟೋ ವಾಸಿಯಾಗಿತ್ತು. ಆ ದಿನ ನಮಗೆ ಹೋದುದು ಒಂದು ಮತ. ಎರಡು ಚುನಾವಣೆಗಳು ಕೂಡಿದ್ದ ದಿನವಾಗಿದ್ದರೆ, ಆ ಒಂದೇ ಅಲಕ್ಷ್ಯಕ್ಕೆ ಎರಡು ಮತಗಳು ಹೋಗುತ್ತಿದ್ದುವು. ವಾರ್ಡಿನ ಪಟ್ಟಿಯನ್ನು ತಯಾರಿಸುವುದೂ ವಿಧಾನಸಭೆಯ ಪಟ್ಟಿಯ ಆಧಾರದ ಮೇಲೆಯೇ ಆದುದರಿಂದ ಮೂರನೆಯದೂ ಉಳಿಯುತ್ತಿರಲಿಲ್ಲ.

ಆದಕಾರಣ ವಾಚಕರಲ್ಲಿ ನಮ್ಮ ವಿಜ್ಞಾಪನೆ: ಗುರುತಿನ ಚೀಟಿಯು ಪೆಟ್ಟಿಗೆಯಲ್ಲಿದೆಯೆಂದು ನೆಮ್ಮದಿಯಾಗಿರಬೇಡಿ. ಮತ ಕೊಡಿಸುವುದು ಚೀಟಿಯಲ್ಲ, ಪಟ್ಟಿ. ಚುನಾವಣಾ ಆಯೋಗದ ಜಾಲತಾಣದಲ್ಲಿ ನೋಡಿಯಾಗಲಿ, ೧೯೫೦ ಎಂಬ ದೂರವಾಣಿ ಸಂಖ್ಯೆಗೆ ಕರೆ ಮಾಡಿಯಾಗಲಿ, ಮತಗಟ್ಟೆ ಮಟ್ಟದ ಅಧಿಕಾರಿಯನ್ನು ಕೇಳಿಯಾಗಲಿ, ಮನೆಯ ಪ್ರತಿಯೊಬ್ಬರ ಹೆಸರೂ ಇದೆಯೇ ಎಂದು ವರ್ಷಕ್ಕೊಮ್ಮೆ ನೋಡಿಕೊಳ್ಳಿ. ಯುಗಾದಿಯ ದಿನ ಪಂಚಾಂಗವನ್ನು ನೋಡುವ ಹಾಗೆ ಇದನ್ನೂ ನೋಡುವುದೆಂದು ಇಟ್ಟುಕೊಂಡರೆ ಮರೆವಾಗದು. ಹೊಸದಾಗಿ ಸೇರುವವರಿಗೂ, ನಮ್ಮಂತೆ ಹೆಸರು ಕಳೆದುಕೊಂಡವರಿಗೂ ನಮೂನೆ ೬. ವಿಳಾಸದ ಬದಲಾವಣೆಗೂ, ಹೆಸರು ವಯಸ್ಸುಗಳ ತಿದ್ದುಪಡಿಗೂ ನಮೂನೆ ೮. ಮನೆಯಲ್ಲಿ ಯಾರಾದರೂ ಕಾಲವಾಗಿದ್ದರೆ ಅವರ ಹೆಸರನ್ನು ತೆಗೆಸುವುದಕ್ಕೆ ನಮೂನೆ ೭. ಇದನ್ನು ಮಾಡದಿದ್ದರೆ ಸತ್ತವರ ಹೆಸರಿನಲ್ಲಿ ಕಳ್ಳಮತ ಬೀಳುವುದಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ೧೮ ವರ್ಷ ತುಂಬಿದ ಮಕ್ಕಳಿಗೆ ಮುಂಚಿನಂತೆ ಜನವರಿ ೧ ಒಂದೇ ಗಡುವಲ್ಲ. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕು ತಿಂಗಳುಗಳ ಮೊದಲನೆಯ ತಾರೀಖುಗಳೂ ಅರ್ಹತೆಯ ದಿನಗಳು. ನಾಮಪತ್ರ ಸಲ್ಲಿಸುವ ಕಡೆಯ ದಿನವು ಕಳೆದಮೇಲೆ ಆ ಚುನಾವಣೆಗೆ ಪಟ್ಟಿಯಲ್ಲಿ ಯಾವ ಮಾರ್ಪಾಡೂ ಆಗದು. ಅರ್ಜಿಯ ವಿಚಾರಣೆಗೆ ಹಿಡಿಯುವ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬಹಳ ಮುಂಚಿತವಾಗಿಯೇ ಕೊಡಬೇಕು.

ನಗರಕ್ಕೆ ಬಂದು ಹತ್ತಾರು ವರ್ಷಗಳಾದರೂ ಹುಟ್ಟೂರಿನ ಪಟ್ಟಿಯಲ್ಲಿಯೇ ಹೆಸರಿಟ್ಟುಕೊಂಡವರು ಅನೇಕರುಂಟು. ಅಭಿಮಾನವು ಒಳ್ಳೆಯದೇ. ಆದರೆ ಒಬ್ಬನ ಹೆಸರು ಎರಡು ಕಡೆ ಇರಕೂಡದೆಂದು ಕಾನೂನು. ತಾನು ಸಾಮಾನ್ಯವಾಗಿ ವಾಸಮಾಡುವಲ್ಲಿಯೇ ಇರಬೇಕೆಂದೂ ಅದೇ ಕಾನೂನು. ನೀರು, ಬೀದಿ, ಬೆಳಕುಗಳನ್ನು ಇಲ್ಲಿ ಅನುಭವಿಸುತ್ತ ಮತವನ್ನು ಅಲ್ಲಿಟ್ಟರೆ ಇಲ್ಲಿಯ ಕಷ್ಟವನ್ನು ಕೇಳುವವರಾರು?

ಹೆಸರು ಇರುವುದು ಖಚಿತವಾದಮೇಲೆ ಅಭ್ಯರ್ಥಿಗಳ ವಿಚಾರ. ಒಂದು ಹಾಳೆಯನ್ನು ಎರಡಾಗಿ ಮಡಿಸಿ, ಒಂದು ಕಡೆ ಲೋಕಸಭೆಗೆ ನಿಂತವರ ಹೆಸರುಗಳನ್ನೂ ಇನ್ನೊಂದು ಕಡೆ ವಿಧಾನಸಭೆಗೆ ನಿಂತವರ ಹೆಸರುಗಳನ್ನೂ ಬರೆಯಿರಿ. ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಆಸ್ತಿ, ಸಾಲ, ವಿದ್ಯಾಭ್ಯಾಸ, ತನ್ನ ಮೇಲಿರುವ ಮೊಕದ್ದಮೆಗಳು ಇವನ್ನೆಲ್ಲ ಪ್ರಮಾಣಪತ್ರದಲ್ಲಿ ತಿಳಿಸಬೇಕು. ಸರ್ವೋಚ್ಚ ನ್ಯಾಯಾಲಯದ ೨೦೦೨ ಮತ್ತು ೨೦೦೩ರ ತೀರ್ಪುಗಳಿಂದ ನಮಗೆ ದೊರೆತ ಈ ಅನುಕೂಲವನ್ನು ಉಪಯೋಗಿಸುವವರು ವಿರಳ. ಆಯೋಗದ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ಓದಬಹುದು. ಮಗಳಿಗೆ ವರನನ್ನು ನೋಡುವಾಗ ಎಷ್ಟು ವಿಚಾರಿಸುತ್ತೇವೋ ಅದರಲ್ಲಿ ಕಾಲುಪಾಲಾದರೂ ಇಲ್ಲಿ ವಿಚಾರಿಸಬಾರದೆ? ಸೀರೆ, ಕುಕ್ಕರು, ನೋಟುಗಳನ್ನು ಹಿಡಿದು ಬರುವವರ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕೊಡುವವನಂತೆ ತೆಗೆದುಕೊಳ್ಳುವವನೂ ಅಪರಾಧಿಯೇ.

ಮನೆಯಲ್ಲಿ ಎಲ್ಲರೂ ಕುಳಿತು ಮಾತನಾಡಲಿ, ವಾದವೂ ಆಗಲಿ. ಆದರೆ ಯಜಮಾನನ ಅಧಿಕಾರವು ಮತಗಟ್ಟೆಯ ಬಾಗಿಲಿನವರೆಗೆ ಮಾತ್ರ. ಹೆಂಡತಿ, ತಾಯಿ, ಸೊಸೆಯರು ಯಾರಿಗೆ ಮತ ಕೊಟ್ಟರೆಂದು ಕೇಳುವುದು ಅವರ ಅಂಚೆಯನ್ನು ಒಡೆದು ಓದುವುದಕ್ಕೆ ಸಮಾನ.

ಮತದಾನದ ದಿನದ ಕ್ರಮವನ್ನು ಈಗ ಹೇಳುತ್ತೇವೆ. ಬಿಸಿಲೇರುವುದಕ್ಕೆ ಮುಂಚೆ ಹೋಗುವುದು ಲೇಸು. ಮತದಾರರ ಗುರುತಿನ ಚೀಟಿಯನ್ನು ತೆಗೆದುಕೊಂಡು ಹೋಗಿ. ಅದು ಸಿಕ್ಕದಿದ್ದರೆ ಆಧಾರ್, ಪ್ಯಾನ್ ಕಾರ್ಡು, ವಾಹನ ಚಾಲನೆಯ ಪರವಾನಗಿ, ಪಾಸ್‌ಪೋರ್ಟು, ಭಾವಚಿತ್ರವಿರುವ ಬ್ಯಾಂಕಿನ ಅಥವಾ ಅಂಚೆಯ ಪಾಸುಪುಸ್ತಕ, ಭಾವಚಿತ್ರವಿರುವ ಪಿಂಚಣಿ ದಾಖಲೆ ಮೊದಲಾದುವುಗಳಲ್ಲಿ ಯಾವುದಾದರೊಂದು ಆದೀತು. ಮನೆಗೆ ಬಂದು ಹಂಚುವ ಮತದಾರರ ಚೀಟಿಯು ಮತಗಟ್ಟೆಯನ್ನೂ ಕ್ರಮಸಂಖ್ಯೆಯನ್ನೂ ತಿಳಿಸುವುದಕ್ಕೆ ಮಾತ್ರ, ಗುರುತಿಗಲ್ಲ. ಕೈಫೋನನ್ನು ಮತಯಂತ್ರದ ಬಳಿಗೆ ಒಯ್ಯಕೂಡದು. ಮತಗಟ್ಟೆಯಿಂದ ೧೦೦ ಮೀಟರಿನೊಳಗೆ ಯಾರೂ ಮತ ಯಾಚಿಸಕೂಡದು. ಪಕ್ಷದ ಗುರುತುಗಳನ್ನು ತೊಟ್ಟು ಹೋಗುವುದೂ ಬೇಡ.

ಒಳಗೆ ಹೋದಮೇಲೆ ಒಬ್ಬ ಅಧಿಕಾರಿಯು ಪಟ್ಟಿಯಲ್ಲಿ ಹೆಸರನ್ನು ನೋಡುವನು. ಆಮೇಲೆ ರಿಜಿಸ್ಟರಿನಲ್ಲಿ ಸಹಿ ಅಥವಾ ಹೆಬ್ಬೆಟ್ಟು, ಎಡಗೈಯ ತೋರುಬೆರಳಿಗೆ ಶಾಯಿ. ಈ ಶಾಯಿಯು ನಮ್ಮ ಮೈಸೂರಿನದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯು ೧೯೬೨ರ ಚುನಾವಣೆಯಿಂದ ಇದನ್ನು ಒದಗಿಸುತ್ತ ಬಂದಿದೆ. ಅನಂತರ ಯಂತ್ರದ ಮರೆ. ಯಂತ್ರದಲ್ಲಿ ಹಸಿರು ದೀಪವು ಉರಿದಮೇಲೆ, ಬೇಕಾದ ಅಭ್ಯರ್ಥಿಯ ಎದುರಿಗಿರುವ ನೀಲಿಯ ಗುಂಡಿಯನ್ನು ಒತ್ತಬೇಕು. ಹೆಸರಿನ ಪಕ್ಕದಲ್ಲಿ ಕೆಂಪು ದೀಪ ಬೆಳಗುವುದು. ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ, ತಾವು ಆರಿಸಿದ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆಗಳಿರುವ ಕಾಗದದ ಚೀಟಿಯು ೭ ಸೆಕೆಂಡುಗಳ ಕಾಲ ಕಂಡು ಒಳಕ್ಕೆ ಬೀಳುವುದು. ಯಂತ್ರವು ದೀರ್ಘವಾಗಿ ಕೂಗುವುದು. ೨೦೦೪ರಲ್ಲಿ ಈ ಚೀಟಿಯ ಪೆಟ್ಟಿಗೆ ಇರಲಿಲ್ಲ. ಅವಸರಪಡದೆ ಆ ೭ ಸೆಕೆಂಡು ನಿಂತು ನೋಡುವುದು ಅವಶ್ಯ.

ಎರಡು ಚುನಾವಣೆಗಳಿದ್ದಾಗ ಇದೇ ಕ್ರಮವು ಎರಡು ಸಲ ನಡೆಯಬೇಕು. ಲೋಕಸಭೆಯ ಮತಪತ್ರವು ಬಿಳಿಯ ಬಣ್ಣದ್ದು, ವಿಧಾನಸಭೆಯದು ಗುಲಾಬಿ ಬಣ್ಣದ್ದು. ಯಂತ್ರದ ಮೇಲೆ ಅಂಟಿಸಿರುವ ಆ ಕಾಗದದ ಬಣ್ಣದಿಂದಲೇ ಯಾವುದು ಯಾವುದೆಂದು ತಿಳಿಯಬಹುದು. ಒಂದೇ ಪಕ್ಷದ ಚಿಹ್ನೆಯು ಎರಡರಲ್ಲಿಯೂ ಒಂದೇ ಸಾಲಿನಲ್ಲಿರಬೇಕೆಂಬ ನಿಯಮವಿಲ್ಲವಾದುದರಿಂದ, ಮೊದಲನೆಯದರ ಸ್ಥಾನವನ್ನು ಜ್ಞಾಪಕವಿಟ್ಟುಕೊಂಡು ಎರಡನೆಯದನ್ನು ಒತ್ತಕೂಡದು. ಮನೆಯ ಹಿರಿಯರಿಗೆ ನಾವು ಹೇಳಿಕೊಡುವ ಸೂತ್ರವು ಇಷ್ಟೆ: ಎರಡು ಬಣ್ಣ ನೋಡಿ, ಎರಡು ಕೂಗು ಕೇಳಿ, ಆಮೇಲೆ ಹೊರಡಿ. ಯಾರೂ ಒಪ್ಪಿಗೆಯಾಗದಿದ್ದರೆ, ೨೦೧೩ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಫಲವಾಗಿ ಬಂದ “ಮೇಲಿನ ಯಾರೂ ಅಲ್ಲ” ಎಂಬ ಗುಂಡಿಯು ಕಡೆಯಲ್ಲಿದೆ. ಒಂದರಲ್ಲಿ ಅದನ್ನು ಒತ್ತಿ ಇನ್ನೊಂದರಲ್ಲಿ ಅಭ್ಯರ್ಥಿಯೊಬ್ಬನಿಗೆ ಮತ ಕೊಡುವುದಕ್ಕೆ ಅಡ್ಡಿಯಿಲ್ಲ. ಲೋಕಸಭೆ ವಿಧಾನಸಭೆಗಳ ಚುನಾವಣೆಯಲ್ಲಿ ಅದಕ್ಕೆ ಎಷ್ಟು ಮತ ಬಿದ್ದರೂ, ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವನೇ ಗೆಲ್ಲುವನೆಂಬುದನ್ನು ಮಾತ್ರ ತಿಳಿದು ಒತ್ತಬೇಕು.

ಕೆಲವು ತೊಡಕುಗಳಿಗೆ ಪರಿಹಾರಗಳೂ ಉಂಟು. ತಾವು ಹೋಗುವಷ್ಟರಲ್ಲಿ ತಮ್ಮ ಹೆಸರಿನಲ್ಲಿ ಬೇರೆ ಯಾರೋ ಮತ ಹಾಕಿಹೋಗಿದ್ದರೆ, ಅಳುಕಿ ಹಿಂದಿರುಗಬೇಡಿ. ಗುರುತನ್ನು ಸಮರ್ಪಕವಾಗಿ ತೋರಿಸಿಕೊಟ್ಟರೆ, ಅಧ್ಯಕ್ಷಾಧಿಕಾರಿಯು ಕಾಗದದ ಮತಪತ್ರವನ್ನು ಕೊಟ್ಟು, ತಾವು ಗುರುತುಮಾಡಿದಮೇಲೆ ಅದನ್ನು ಬೇರೆ ಲಕೋಟೆಯಲ್ಲಿಡಬೇಕೆಂದು ನಿಯಮವಿದೆ. ಗಾಜಿನಲ್ಲಿ ಕಂಡ ಚೀಟಿಯು ತಾವು ಒತ್ತಿದುದಲ್ಲವೆಂದು ತೋರಿದರೆ ಲಿಖಿತ ದೂರು ಕೊಡಬಹುದು. ಪರೀಕ್ಷಾಮತವನ್ನು ಹಾಕಿಸಿ ನೋಡುವರು. ದೂರು ಸುಳ್ಳಾದರೆ ದಂಡನೆಯುಂಟಾದುದರಿಂದ ಖಚಿತವಾಗಿದ್ದರೆ ಮಾತ್ರ ಹೇಳಬೇಕು. ದೃಷ್ಟಿಯಿಲ್ಲದವರೂ ಅಶಕ್ತರೂ ೧೮ ವರ್ಷ ತುಂಬಿದ ಒಬ್ಬ ಸಹಾಯಕನನ್ನು ಜೊತೆಗೆ ಕರೆದೊಯ್ಯಬಹುದು. ಅದೇ ಸಹಾಯಕನು ಆ ದಿನ ಇನ್ನೊಬ್ಬರಿಗೆ ಸಹಾಯಕನಾಗಕೂಡದು. ೨೦೨೪ರ ಲೋಕಸಭಾ ಚುನಾವಣೆಯಲ್ಲಿ, ೮೫ ವರ್ಷ ಮೀರಿದವರಿಗೂ ನೂರಕ್ಕೆ ೪೦ಕ್ಕೆ ಕಡಮೆಯಿಲ್ಲದ ಅಂಗವೈಕಲ್ಯವುಳ್ಳವರಿಗೂ ಮನೆಯಲ್ಲಿಯೇ ಮತ ಕೊಡುವ ಅವಕಾಶವಿತ್ತು. ಅದಕ್ಕೆ ಅಧಿಸೂಚನೆಯಾದ ಐದು ದಿನಗಳೊಳಗಾಗಿ ನಮೂನೆ ೧೨ಡಿಯನ್ನು ಸಲ್ಲಿಸಬೇಕಾಗಿತ್ತು. ಮನೆಯಲ್ಲಿ ಅಂಥ ಹಿರಿಯರಿರುವವರು ಚುನಾವಣೆಯ ಸುದ್ದಿ ಬಂದ ಕೂಡಲೆ ಈ ವಿಷಯವನ್ನು ವಿಚಾರಿಸಿಕೊಳ್ಳಬೇಕು. ಸಾಯಂಕಾಲ ವೇಳೆ ಮುಗಿಯುವ ಹೊತ್ತಿಗೆ ಸಾಲಿನಲ್ಲಿ ನಿಂತಿರುವವರಿಗೆಲ್ಲ ಚೀಟಿ ಕೊಟ್ಟು ಮತ ಹಾಕಿಸುವರು. ಆದುದರಿಂದ ಸಾಲು ಉದ್ದವೆಂದು ಹಿಂದಿರುಗಕೂಡದು.

ಇನ್ನೊಂದು ಮಾತನ್ನು ಗೃಹಿಣಿಯರಿಗೆ ವಿಶೇಷವಾಗಿ ಹೇಳಬೇಕು. ಅಂಗಡಿ, ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುವವರಿಗೆ ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕೆಂದು ಕಾನೂನಿದೆ. ಆದರೆ ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವಳು, ಕಾರು ನಡೆಸುವವನು, ವಠಾರದ ಕಾವಲುಗಾರ ಇವರನ್ನು ಆ ದಿನ ಯಾರು ನೆನೆಯುತ್ತಾರೆ? ಮನೆಮಂದಿಗೆಲ್ಲ ರಜವೆಂದು ಅಂದು ತಿಂಡಿಯೂ ಹೆಚ್ಚು, ಪಾತ್ರೆಯೂ ಹೆಚ್ಚು! ಅವರನ್ನು ಬೆಳಗ್ಗೆಯೇ ಕಳುಹಿಸಿಕೊಡಿ, ಸಂಬಳ ಹಿಡಿಯಬೇಡಿ. ಅವರ ಹೆಸರು ಪಟ್ಟಿಯಲ್ಲಿದೆಯೇ ಎಂದು ತಮ್ಮ ಹೆಸರುಗಳ ಜೊತೆಯಲ್ಲಿಯೇ ನೋಡಿಕೊಡಿ.

ಒಂದು ಮತದಿಂದ ಏನಾದೀತೆಂದು ಕೇಳುವವರುಂಟು. ನಾವು ಮೇಲೆ ಹೇಳಿದ ೨೦೦೪ರ ಜೋಡಿ ಚುನಾವಣೆಯಲ್ಲಿಯೇ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣರಿಗೆ ಬಂದ ಮತಗಳು ೪೦,೭೫೨, ಎ. ಆರ್. ಕೃಷ್ಣಮೂರ್ತಿಯವರಿಗೆ ಬಂದುವು ೪೦,೭೫೧. ಲೋಕಸಭೆಯ ಮತವನ್ನು ಹಾಕಿ, ಚೀಟಿಯನ್ನು ಮುಷ್ಟಿಯಲ್ಲಿಟ್ಟುಕೊಂಡು ಒಬ್ಬನೇ ಒಬ್ಬ ಮನುಷ್ಯನು ಜಗಲಿಯಿಂದ ಇಳಿದು ಹೋಗಿದ್ದರೂ ಅಲ್ಲಿಯ ಫಲವು ಬೇರೆಯಾಗಬಹುದಾಗಿತ್ತು. ಅದು ಹಳ್ಳಿಗಾಡಿನ ಮಾತೆನ್ನುವಿರೋ? ೨೦೨೩ರಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರದ ಫಲವು ನಿರ್ಣಯವಾದುದು ೧೬ ಮತಗಳ ಅಂತರದಿಂದ. ಎರಡೇ ಮನೆಯವರು ಸಾಕು. ಹೀಗಿದ್ದರೂ ೨೦೨೪ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು ೫೪ ಮಂದಿ. ಮಂಡ್ಯದಲ್ಲಿ ೮೧ಕ್ಕೂ ಮೇಲು. ವಿದ್ಯಾವಂತರೆನಿಸಿಕೊಂಡ ನಮಗೆ ಇದು ಗೌರವವನ್ನು ತರುವ ಲೆಕ್ಕವಲ್ಲ. ಆ ಮತ ಹಾಕದವರ ಪೈಕಿ ಒಬ್ಬರು ಬೇವಿನ ಮರದ ಕೆಳಗೆ ನಿಂತಿದ್ದರೆಂಬುದನ್ನು ನಾವು ಮರೆತಿಲ್ಲ.

ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುವುದನ್ನು ದೇಹಲೀದೀಪನ್ಯಾಯವೆಂದು ಶಾಸ್ತ್ರಕಾರರು ಕರೆಯುತ್ತಾರೆ. ಒಂದು ಬೆಳಗಿನ ಅರ್ಧ ತಾಸಿನ ಶ್ರಮವು ದೇಶಕ್ಕೂ ಊರಿಗೂ ಸಲ್ಲುವಂಥ ಅವಕಾಶವು ಬಂದಾಗ, ದೀಪವನ್ನು ಒಂದೇ ಕಡೆಗೆ ತಿರುಗಿಸಿಡುವುದು ಬೇಡ. ಚುನಾವಣೆಯ ಮಾರನೆಯ ವಾರವೇ ನಾವು ನಮೂನೆ ೬ನ್ನು ತುಂಬಿ ಸಲ್ಲಿಸಿದೆವು. ಈಗ ನಮ್ಮ ಹೆಸರು ಪಟ್ಟಿಯಲ್ಲಿದೆ. ಮನೆಯವರ ಹೆಸರಿನ ಕೆಳಗೆ ಎಷ್ಟೋ ಸಾಲುಗಳಾಚೆ ಇದೆ. ಪ್ರತಿ ಯುಗಾದಿಯಂದು ಅದನ್ನು ತೆಗೆದು ನೋಡುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದಾರೆ. ವಾಚಕರು ಈ ಸಂಚಿಕೆಯನ್ನು ಕೆಳಗಿಡುವುದಕ್ಕೆ ಮುಂಚೆ ತಮ್ಮ ತಮ್ಮ ಮನೆಗಳಲ್ಲಿ ಆ ಕೆಲಸವನ್ನು ಯಾರಿಗಾದರೂ ಒಪ್ಪಿಸಿದರೆ, ನಾವು ಬರೆದುದು ಸಾರ್ಥಕವಾಯಿತೆಂದು ತಿಳಿಯುವೆವು.